ಹಳೇ ಟ್ಯಾಂಕ್ ಕೊಳ್ಳುವ ಮೊದಲು ಯಾವ ಮದ್ದು ಹಾಕಿದ್ದು ಅಂತ ಕೇಳಿ

ಕಡಲ ನೀರಿನ ಟ್ಯಾಂಕ್ ಸೆಕೆಂಡ್ ಹ್ಯಾಂಡ್ ತಗೊಳ್ಳುವ ಯೋಚನೆ ಉಂಟಾ? ಬರೀ ಮೀನಿಗಾದರೆ ಅಷ್ಟು ಹೆದರಬೇಕಿಲ್ಲ. ಬೊಂಡಾಸ್ (ಸ್ಕ್ವಿಡ್ ಜಾತಿಯದ್ದು), ಸಿಗಡಿ, ಶಂಖ, ಹೀಗೆ ಬೆನ್ನೆಲುಬಿಲ್ಲದ್ದನ್ನು ಸಾಕುವುದಾದರೆ ಇದನ್ನು ಓದಿ. ನನ್ನ 26 ಬೊಂಡಾಸ್ ಮರಿಗಳು ಒಂದೇ ರಾತ್ರಿಯಲ್ಲಿ ಹೋದವು.

ನಮ್ಮದು ಬದಿಯಡ್ಕದ ಹತ್ತಿರ ಅಡಿಕೆ ತೋಟದ ಮನೆ. ಕಡಲಿನ ಹುಚ್ಚು ನನಗೊಬ್ಬನಿಗೇ. ನವೆಂಬರಿನಲ್ಲಿ ಕಾಸರಗೋಡಿನ ಕಡಲ ಕರೆಯಲ್ಲಿ ಬಲೆ ಕೊಡವುತ್ತಿದ್ದರು. ಹಗ್ಗಕ್ಕೆ ಕರಿ ದ್ರಾಕ್ಷಿ ಗೊಂಚಲಿನ ಹಾಗೆ ಏನೋ ಅಂಟಿತ್ತು. ಕಪ್ಪೆ ಬೊಂಡಾಸಿನ (ಕಟಲ್‌ಫಿಶ್) ಮೊಟ್ಟೆ. ಬಿಸಾಡುವುದರಲ್ಲಿದ್ದರು, ಕೇಳಿ ತಂದೆ.

ಹೊಸ ಪ್ಲಾಸ್ಟಿಕ್ ಟಬ್ಬಿನಲ್ಲಿ ಗಾಳಿ ಬಿಟ್ಟು ನೇತುಹಾಕಿದೆ. ನೀರು ಕಡಲದ್ದೇ, ಚಂದ್ರಗಿರಿ ಹೊಳೆಯ ಅಳಿವೆಯಿಂದ ದೂರ ಹೋಗಿ ತಂದದ್ದು. ಅಳಿವೆ ಹತ್ತಿರ ಉಪ್ಪು ಏರುಪೇರು ಜಾಸ್ತಿ. ದಿನ ಕಳೆದಂತೆ ಮೊಟ್ಟೆ ಉಬ್ಬಿ ಸಿಪ್ಪೆ ತಿಳಿಯಾಯಿತು. ಟಾರ್ಚ್ ಹಿಡಿದರೆ ಒಳಗೆ ಎರಡು ಕಣ್ಣು! ಎರಡು ವಾರಕ್ಕೆ 31 ಮರಿ ಹೊರಗೆ. ಒಂದೊಂದೂ ಕರಿಮೆಣಸಿನ ಕಾಳಿನಷ್ಟು. ಜೀವಂತ ಪುಟ್ಟ ಸಿಗಡಿ ಬಿಟ್ಟರೆ ಕೈ ಚಾಚಿ ಟಕ್ಕನೆ ಹಿಡಿಯುತ್ತಿದ್ದವು. ಸತ್ತದ್ದನ್ನು ಮೂಸಿಯೂ ನೋಡಲಿಲ್ಲ.

ಅವುಗಳಿಗಾಗಿಯೇ ಮಂಗಳೂರಿನ ಕಡೆ ಒಬ್ಬರಿಂದ 9,000 ರೂಪಾಯಿಗೆ ಮೂರಡಿ ಟ್ಯಾಂಕ್ ತಂದಿದ್ದೆ, ಕಲ್ಲು ಮರಳು ಸಮೇತ. ನೀರು ಪರೀಕ್ಷೆ ಮಾಡಿದರೆ ಕೊಳೆಯಿಂದ ಬರುವ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ಉಪ್ಪುನೀರಿನ ಸಾಂದ್ರತೆ ಕಡಲಿನಷ್ಟೇ, 1.025. ಜೊತೆಗೆ ಬಂದ ಎರಡು ಮೀನು ಚುರುಕಾಗಿದ್ದವು. ಇನ್ನೇನು ಬೇಕು ಅಂತ ಒಂದು ಸಂಜೆ 26 ಮರಿ ಬಿಟ್ಟೆ. ಉಳಿದ ಐದು ಟಬ್ಬಿನ ಮೂಲೆಯಲ್ಲಿ ಕೈಗೆ ಸಿಗಲಿಲ್ಲ, ನಾಳೆ ನೋಡುವ ಅಂತ ಬಿಟ್ಟೆ.

ಬೆಳಿಗ್ಗೆ ನೋಡಿದರೆ ಮರಳಿನ ಮೇಲೆ ಬಿಳಿಚಿಕೊಂಡು ಬಿದ್ದಿದ್ದವು. ಅಲ್ಲಲ್ಲಿ ಶಾಯಿಯ ಎಳೆ. ಮೀನುಗಳು ಆರಾಮಾಗಿ ಓಡಾಡುತ್ತಿದ್ದವು. ಟಬ್ಬಿನ ಐದೂ ಜೀವಂತ.

ಮೊದಲು ಸಂಶಯ ಬಂದದ್ದು ಅಪ್ಪನ ಬಕೆಟ್ ಮೇಲೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು (ತಾಮ್ರದ ಸಲ್ಫೇಟ್) ಕಲಸಿದ್ದಾ ಅಂತ ಸುಮ್ನೆ ಜಗಳವನ್ನೂ ಆಡಿದೆ. ಆದರೆ ಆ ಬಕೆಟ್ ನಾನು ಮುಟ್ಟಿರಲೇ ಇಲ್ಲ. ಕೊನೆಗೆ ಟ್ಯಾಂಕಿನವರಿಗೆ ಫೋನ್ ಮಾಡಿದೆ.

"ಮದ್ದು ಏನಾದ್ರೂ ಹಾಕಿದ್ದುಂಟಾ?"

"ಒಮ್ಮೆ ಮೀನಿಗೆ ಬಿಳಿ ಚುಕ್ಕೆ ರೋಗ ಬಂದಿತ್ತು, ನೀಲಿ ಬಾಟ್ಲಿದು ಹಾಕಿದ್ದೆ. ಅದು ಎರಡು ವರ್ಷ ಆಯ್ತು ಮಾರಾಯ್ರೇ!"

ನೀಲಿ ಬಾಟ್ಲಿ ಅಂದರೆ ತಾಮ್ರದ ಮದ್ದೇ ಇರಬೇಕು ಅನಿಸಿತು. ತಾಮ್ರದ ಕಿಟ್ ತರಿಸಿ ನೋಡಿದರೆ ಬಣ್ಣ ತಿರುಗಿಯೇ ಬಿಟ್ಟಿತು. ಟ್ಯಾಂಕಿನ ಕಲ್ಲು, ಮರಳು ಎರಡೂ ಸುಣ್ಣದ ಜಾತಿ. ತಾಮ್ರವನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ ನೀರಿಗೆ ಬಿಡುತ್ತವೆ, ನೀರು ಎಷ್ಟು ಸಲ ಬದಲಾಯಿಸಿದರೂ. ಮೀನು ತಡೆಯುವಷ್ಟು ತಾಮ್ರವನ್ನು ಬೊಂಡಾಸ್, ಸಿಗಡಿಯಂಥವು ತಡೆಯುವುದಿಲ್ಲ. ತಮಾಷೆ ನೋಡಿ, ಬೊಂಡಾಸಿನ ರಕ್ತ ನೀಲಿ. ನಮ್ಮಲ್ಲಿ ಕಬ್ಬಿಣ ಮಾಡುವ ಕೆಲಸವನ್ನು ಅದರಲ್ಲಿ ತಾಮ್ರವೇ ಮಾಡುವುದು. ಆದರೂ ನೀರಿನಲ್ಲಿ ಚೂರು ಜಾಸ್ತಿಯಾದರೆ ಅದೇ ವಿಷ.

ಹಾಗಾಗಿ ಹಳೇ ಟ್ಯಾಂಕಿನ ಜೊತೆ ಕಲ್ಲು ಮರಳು ಪುಕ್ಕಟೆ ಕೊಟ್ಟರೂ ಬೇಡ. ಅಮೋನಿಯಾ ಕಿಟ್ ತಾಮ್ರವನ್ನು ತೋರಿಸುವುದಿಲ್ಲ, ಅದಕ್ಕೆ ಬೇರೆಯೇ ಕಿಟ್ ಬೇಕು. ಮರಿ ಬಿಡುವ ಮೊದಲು ಒಂದು ಶಂಖವನ್ನೋ ಸಿಗಡಿಯನ್ನೋ ಕೆಲವು ದಿನ ಇಟ್ಟು ನೋಡಬೇಕಿತ್ತು, ನಾನು ಅದನ್ನೂ ಮಾಡಲಿಲ್ಲ.

ಐದರಲ್ಲಿ ಮೂರು ಈಗ ಹೆಬ್ಬೆರಳಿನ ಉಗುರಿನಷ್ಟಾಗಿವೆ, ಅದೇ ಟಬ್ಬಿನಲ್ಲಿ. ಗಾಜಿನ ಟ್ಯಾಂಕ್ ಜಗಲಿಯಲ್ಲಿ ಖಾಲಿ ಕೂತಿದೆ. ಮಾರ್ಕರಿನಲ್ಲಿ ದೊಡ್ಡದಾಗಿ "ತಾಮ್ರ" ಅಂತ ಬರೆದಿಟ್ಟಿದ್ದೇನೆ.