ಕೋಬಾಲ್ಟ್ ಸಂಕೀರ್ಣ: ಕಿತ್ತಳೆಯೋ, ನೇರಳೆಯೋ?

ಲೋಹದ ಸುತ್ತ ಬೇರೆ ಅಣು, ಅಯಾನುಗಳು ಅಂಟಿಕೊಂಡ ಸಂಯುಕ್ತವೇ ಸಂಕೀರ್ಣ. ಪ್ರಯೋಗಾಲಯದಲ್ಲಿ ಮಾಡಬಹುದಾದ ಕೋಬಾಲ್ಟಿನ ಎರಡು ಸಂಕೀರ್ಣಗಳಲ್ಲಿ ಯಾವುದನ್ನು ಆರಿಸಬೇಕು ಎಂಬುದು ಇಲ್ಲಿನ ಪ್ರಶ್ನೆ. ಸಾಮಾನು ಎರಡಕ್ಕೂ ಒಂದೇ: ಕೋಬಾಲ್ಟ್ ಕ್ಲೋರೈಡ್, ಅಮೋನಿಯಂ ಕ್ಲೋರೈಡ್, ಸಾಂದ್ರ ಅಮೋನಿಯಾ, ಹೈಡ್ರೋಜನ್ ಪೆರಾಕ್ಸೈಡ್, ಹೈಡ್ರೋಕ್ಲೋರಿಕ್ ಆಮ್ಲ. ಜೊತೆಗೆ ಒಂದಿಷ್ಟು ಸಕ್ರಿಯ ಇದ್ದಿಲು ಬಿದ್ದರೆ ಕಿತ್ತಳೆ ಬಣ್ಣದ ಹೆಕ್ಸಾಅಮೀನ್ ಕ್ಲೋರೈಡ್. ಬೀಳದಿದ್ದರೆ ನೇರಳೆಗೆಂಪಿನ ಕ್ಲೋರೋಪೆಂಟಾಅಮೀನ್ ಕ್ಲೋರೈಡ್. ಎರಡನ್ನೂ ಮಾಡಿ ನೋಡಿದ್ದೇನೆ. ಒಂದಕ್ಕೇ ಪುರುಸೊತ್ತಿದ್ದರೆ ನನ್ನ ಓಟು ನೇರಳೆಗೆ.

ನೇರಳೆಯದು ಪೂರ್ತಿ ಫ್ಯೂಮ್ ಹುಡ್ (ಹೊಗೆಯನ್ನು ಹೊರಗೆ ಎಳೆದುಹಾಕುವ ಗೂಡು) ಒಳಗಿನ ಕೆಲಸ. ಪೆರಾಕ್ಸೈಡನ್ನು ಹನಿಹನಿಯಾಗಿ ಬಿಡಬೇಕು. ಅವಸರ ಮಾಡಿದರೆ ನೊರೆ ಬೀಕರಿನ ಬಾಯಿಗೇ ಬರುತ್ತದೆ. ಆಮೇಲೆ ಆಮ್ಲ ಸೇರಿಸಿದಾಗ ದಟ್ಟ ಬಿಳಿ ಹೊಗೆ ಏಳುತ್ತದೆ, ಅದು ಅಮೋನಿಯಂ ಕ್ಲೋರೈಡ್. ಸುಮಾರು 85 ಡಿಗ್ರಿಯಲ್ಲಿ 20 ನಿಮಿಷ ಕಾಯಿಸಿದರೆ, ಕೋಬಾಲ್ಟಿಗೆ ಅಂಟಿಕೊಂಡಿದ್ದ ನೀರಿನ ಅಣುವನ್ನು ಎಬ್ಬಿಸಿ ಕ್ಲೋರೈಡ್ ಆ ಜಾಗ ಹಿಡಿಯುತ್ತದೆ. ಆರುತ್ತಿದ್ದಂತೆ ನೇರಳೆ ಪುಡಿ ತಳಕ್ಕಿಳಿಯುತ್ತದೆ. ಸೋಸಿ, ಐಸ್ ನೀರಲ್ಲಿ ತೊಳೆದರೆ ಆಯಿತು.

ಕಿತ್ತಳೆಯದರಲ್ಲಿ ತಲೆನೋವೆಲ್ಲ ಇದ್ದಿಲಿನದೇ. ಉತ್ಪನ್ನ ಅದರ ಜೊತೆಗೇ ಹರಳುಗಟ್ಟುವುದರಿಂದ, ಆಮ್ಲ ಬೆರೆಸಿದ ಬಿಸಿನೀರಲ್ಲಿ ಮತ್ತೆ ಕರಗಿಸಿ, ಬಿಸಿಯಿದ್ದಾಗಲೇ ಸೋಸಬೇಕು. ಫನಲ್ ತಣ್ಣಗಿದ್ದರೆ ಅದರ ಕಾಂಡದಲ್ಲೇ ಹರಳು ಕಟ್ಟಿ ದಾರಿ ಮುಚ್ಚುತ್ತದೆ. ಇಳುವರಿ ಸೋರಿಹೋಗುವುದೇ ಇಲ್ಲಿ.

ದ್ರಾವಣದಲ್ಲಿ ಬಿಡಿಯಾಗಿರುವ ಕ್ಲೋರೈಡನ್ನು ಬಿಳಿ ಒತ್ತರವಾಗಿ (ಕರಗದ ಗಸಿಯಾಗಿ) ಇಳಿಸುವ ಸಿಲ್ವರ್ ನೈಟ್ರೇಟ್ ಹಾಕಿದಾಗ ವ್ಯತ್ಯಾಸ ಎದ್ದು ಕಾಣುತ್ತದೆ. ಕಿತ್ತಳೆಯದು ತನ್ನ ಮೂರೂ ಕ್ಲೋರೈಡನ್ನು ಕೂಡಲೇ ಬಿಟ್ಟುಕೊಡುತ್ತದೆ. ನೇರಳೆಯದು ಕೊಡುವುದು ಎರಡೇ. ಮೂರನೆಯದು ಲೋಹಕ್ಕೇ ಬಂಧಿಯಾಗಿರುವುದರಿಂದ ಕುದಿಸಿದ ಮೇಲೆ ನಿಧಾನಕ್ಕೆ ಬರುತ್ತದೆ. ರಸಾಯನಶಾಸ್ತ್ರಜ್ಞ ಆಲ್ಫ್ರೆಡ್ ವರ್ನರ್ 1893ರಲ್ಲಿ ಸಂಕೀರ್ಣಗಳ ರಚನೆ ಕುರಿತು ಮಂಡಿಸಿದ ಸಿದ್ಧಾಂತ ಇಂಥ ಲೆಕ್ಕಗಳಿಗೇ ಉತ್ತರ ಕೊಟ್ಟಿತು. ಸೋಸಿದ ದ್ರಾವಣವನ್ನು ಕಾಯಿಸಿದಾಗ ಮತ್ತೆ ಬಿಳಿ ಒತ್ತರ ಮೂಡುವುದನ್ನು ನೋಡಿದವರಿಗೆ ಇದನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ.

ತಾಮ್ರದ ಟೆಟ್ರಾಅಮೀನ್ ಸಲ್ಫೇಟ್ ಇನ್ನೂ ಸುಲಭ ಅನ್ನುವವರಿದ್ದಾರೆ. ಹೌದು, ಆ ಕಡುನೀಲಿ ಕಣ್ಣಿಗೆ ಹಬ್ಬವೇ. ಆದರೆ ತೆರೆದಿಟ್ಟರೆ ಅಮೋನಿಯಾ ಕಳೆದುಕೊಂಡು ಬಿಳಚಿಕೊಳ್ಳುತ್ತದೆ. ಕೋಬಾಲ್ಟ್ 3+ನಲ್ಲಿ ಆರು ಡಿ-ಎಲೆಕ್ಟ್ರಾನುಗಳೂ (ಬಂಧಕ್ಕೆ ಸಂಬಂಧಿಸಿದ ಹೊರಗಿನ ಎಲೆಕ್ಟ್ರಾನುಗಳು) ಜೋಡಿಯಾಗಿ ಕೂತಿರುವುದರಿಂದ ಲಿಗ್ಯಾಂಡ್‌ಗಳು, ಅಂದರೆ ಲೋಹಕ್ಕೆ ಅಂಟಿದ ಅಣು, ಅಯಾನುಗಳು, ಅಷ್ಟು ಸುಲಭಕ್ಕೆ ಕದಲುವುದಿಲ್ಲ. ಸೀಸೆಯಲ್ಲಿ ಕಿತ್ತಳೆ, ನೇರಳೆ ಎರಡೂ ಬಹುಕಾಲ ಇರುತ್ತವೆ.

ಹೆಕ್ಸಾಅಮೀನ್ ಮಾಡಿದ ಮೇಲೆ ಅದರಿಂದ ಮುಂದೆ ಹೋಗುವುದು ಕಷ್ಟ. ನೇರಳೆಯದರಲ್ಲಿ ಆ ಒಂದು ಕ್ಲೋರೈಡನ್ನು ಕಿತ್ತು ಸೋಡಿಯಂ ನೈಟ್ರೈಟ್ ಕೊಟ್ಟರೆ, ತಣ್ಣಗಿನ ದ್ರಾವಣದಲ್ಲಿ ಆಕ್ಸಿಜನ್ ಮೂಲಕ ಅಂಟಿದ ನಸುಗೆಂಪು ನೈಟ್ರಿಟೋ, ಬಿಸಿ ಮಾಡಿ ಆಮ್ಲ ಸೇರಿಸಿದರೆ ನೈಟ್ರೋಜನ್ ಮೂಲಕ ಅಂಟಿದ ಹಳದಿ ನೈಟ್ರೋ. ನೈಟ್ರಿಟೋ ಇಟ್ಟಲ್ಲೇ ಮೆಲ್ಲಗೆ ನೈಟ್ರೋ ಆಗುತ್ತದೆ, ಹಾಗಾಗಿ ಬಂಧಗಳ ಗುರುತು ತೋರಿಸುವ ಅದರ ಐಆರ್ (ಅವಕೆಂಪು) ಸ್ಪೆಕ್ಟ್ರಂ ಅವತ್ತೇ ತೆಗೆಯಬೇಕು.