ಕ್ರಾಫರ್ಡ್ ಮಾರ್ಕೆಟ್‌ನ ಖರ್ಜೂರದ ಉಂಡೆಗೆ ಪೂರ್ತಿ ಅಂಕ, ಅಂಜೂರಕ್ಕಿಲ್ಲ

ಮುಂಬೈನಲ್ಲಿದ್ದು ತುಪ್ಪ, ಸಕ್ಕರೆ ಹಾಕದೆ ಉಂಡೆ ಕಟ್ಟಬೇಕು ಅಂದುಕೊಂಡವರು ಕ್ರಾಫರ್ಡ್ ಮಾರ್ಕೆಟ್‌ನ ಡ್ರೈಫ್ರೂಟ್ ಅಂಗಡಿಗಳಿಗೆ ಹೋಗಲೇಬೇಕು. ನಾನು ಹೋದ ಅಂಗಡಿಯಲ್ಲಿ ಕೇಳಿದ್ದನ್ನೆಲ್ಲ ರುಚಿ ನೋಡಲು ಕೊಟ್ಟರು. ಇರಾನಿನ ಕಿಮಿಯಾ ಖರ್ಜೂರ ಎಷ್ಟು ಮೆತ್ತಗಿದೆ ಅಂದರೆ ನೆನೆಸುವ ಕೆಲಸವೇ ಇಲ್ಲ, ಬೀಜ ತೆಗೆದು ಕೈಯಲ್ಲೇ ಹಿಸುಕಿ, ಹುರಿದು ತರಿತರಿಯಾಗಿ ಪುಡಿ ಮಾಡಿದ ಬಾದಾಮಿ, ಗೋಡಂಬಿ, ಒಂದಿಷ್ಟು ಎಳ್ಳು, ಏಲಕ್ಕಿ ಸೇರಿಸಿದರೆ ಸಾಕು, ಪಾಕದ ಗೊಡವೆಯಿಲ್ಲದೆ ಉಂಡೆ ಗಟ್ಟಿಯಾಗಿ ನಿಲ್ಲುತ್ತದೆ. ಬಾದಾಮಿ ಚೆನ್ನಾಗಿತ್ತು. ಅಂಜೂರ ಮಾತ್ರ ಬೇಸರ ತರಿಸಿತು, ದಾರಕ್ಕೆ ಪೋಣಿಸಿದ ಸರದ ಮೇಲಿನವು ಚೆಂದ, ಒಳಗಿನವು ಒಣಗಿ ಕಡ್ಡಿ. ಬಿಡಿಸಿ ನೋಡಿಯೇ ಕೊಳ್ಳಿ. ಅಕ್ರೋಟ್ ಕಮಟು ಬಂದಿದ್ದರೆ ಬೇಡವೇ ಬೇಡ, ಇಡೀ ಉಂಡೆ ಕೆಡುತ್ತದೆ. ಕಿಮಿಯಾ ಫ್ರಿಜ್‌ನಲ್ಲೇ ಇರಲಿ. ಸಕ್ಕರೆ ಹಾಕಿಲ್ಲ ಅಂತ ಸುಮ್ನೆ ಜಾಸ್ತಿ ತಿನ್ನಬೇಡಿ, ಖರ್ಜೂರದಲ್ಲೇ ಬೇಕಾದಷ್ಟು ಸಕ್ಕರೆ ಇದೆ ಅಲ್ವಾ.