ಕೆರಳುವ ಕರುಳಿಗೆ ಇಸಬ್‌ಗೋಲು, ಪೆಪ್ಪರ್‌ಮಿಂಟ್, ಪಥ್ಯ: ಒಂದು ವಿಮರ್ಶೆ

ಐಬಿಎಸ್ (ಕೆರಳುವ ಕರುಳಿನ ತೊಂದರೆ) ಎಂದು ಕೋಲಾರದ ವೈದ್ಯರು ತಿಳಿಸಿದ ಮೇಲೆ ನಾನು ಒಂದೊಂದಾಗಿ ಬಳಸಿ ನೋಡಿದ ಚಿಕಿತ್ಸೆಗಳ ಪೈಕಿ ಮೊದಲ ಸ್ಥಾನ ಇಸಬ್‌ಗೋಲಿಗೇ ಸಲ್ಲಬೇಕು. ಬೆಲೆ ಕಡಿಮೆ, ಎಲ್ಲ ಮೆಡಿಕಲ್ ಸ್ಟೋರ್‌ಗಳಲ್ಲೂ ಲಭ್ಯ. ಒಂದು ಚಮಚವನ್ನು ದೊಡ್ಡ ಲೋಟ ನೀರಿಗೆ ಹಾಕಿ ಕಲಕಿದ ಕೂಡಲೇ ಕುಡಿಯಬೇಕು. ತುಸು ತಡವಾದರೂ ಅದು ಲೋಳೆಯಂತೆ ಗಟ್ಟಿಯಾಗಿ ಲೋಟದ ತಳಕ್ಕೆ ಅಂಟಿಕೊಳ್ಳುತ್ತದೆ. ನೀರನ್ನು ಹೀರಿ ಉಬ್ಬುವ ಈ ನಾರು ಮಲಬದ್ಧತೆಗೂ ಸಡಿಲ ಮಲಕ್ಕೂ ಒದಗಿಬರುತ್ತದೆ. ಗೋಧಿ ಬೂಸಾ ಮಾತ್ರ ನನ್ನ ಹೊಟ್ಟೆಯುಬ್ಬರವನ್ನು ಹೆಚ್ಚಿಸಿತು.

ಪೆಪ್ಪರ್‌ಮಿಂಟ್ ಎಣ್ಣೆಯ ಕ್ಯಾಪ್ಸೂಲ್ ಹೊಟ್ಟೆ ಹಿಂಡುವ ನೋವನ್ನು ತಗ್ಗಿಸಿತು. ಅದರ ಲೇಪನ ಕರುಳು ತಲುಪಿದ ಮೇಲೆ ಕರಗಬೇಕಾದ್ದರಿಂದ ಅಗಿಯಬಾರದು. ಎದೆಯುರಿ ಇರುವವರಿಗೆ ಇದು ಅಷ್ಟಾಗಿ ಒಗ್ಗದು.

ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯ ರೂಪಿಸಿದ ಲೋ ಫಾಡ್‌ಮ್ಯಾಪ್ (ಸರಿಯಾಗಿ ಜೀರ್ಣವಾಗದೆ ಕರುಳಿನಲ್ಲಿ ವಾಯು ಹುಟ್ಟಿಸುವ ಕೆಲವು ಸಕ್ಕರೆ ಅಂಶಗಳನ್ನು ತಗ್ಗಿಸುವ) ಪಥ್ಯ ಪರಿಣಾಮಕಾರಿಯಾದರೂ ನಮ್ಮ ಸೀಮೆಯವರಿಗೆ ಕಠಿಣ. ಈರುಳ್ಳಿ, ಬೆಳ್ಳುಳ್ಳಿ, ಕಾಳು, ಕೆಲವು ಹಣ್ಣುಗಳನ್ನು ಬಿಡಬೇಕೆಂದರೆ ಚಳಿಗಾಲದ ಹಿತಕಿದಬೇಳೆ ಸಾರಿಗೂ ಬೇಸಿಗೆಯ ಶ್ರೀನಿವಾಸಪುರದ ಮಾವಿಗೂ ಕೈಮುಗಿಯಬೇಕು! ಪುಣ್ಯಕ್ಕೆ ರಾಗಿಮುದ್ದೆ ನನಗೆ ತೊಂದರೆ ಕೊಡಲಿಲ್ಲ. ಈ ಕಟ್ಟುನಿಟ್ಟು ಕೆಲವೇ ವಾರಗಳಿಗೆ ಸೀಮಿತ. ಆಮೇಲೆ ಒಂದೊಂದೇ ಪದಾರ್ಥವನ್ನು ಮರಳಿ ಸೇರಿಸಿ, ಯಾವುದು ಒಗ್ಗುವುದಿಲ್ಲವೆಂದು ಗುರುತಿಸಬೇಕು. ಆಹಾರತಜ್ಞರ ನೆರವಿದ್ದರೆ ಒಳ್ಳೆಯದು. ಮಲದಲ್ಲಿ ರಕ್ತ ಕಂಡರೆ ಅಥವಾ ಕಾರಣವಿಲ್ಲದೆ ತೂಕ ಇಳಿದರೆ ಈ ಪ್ರಯೋಗಗಳನ್ನು ಬದಿಗಿಟ್ಟು ವೈದ್ಯರನ್ನೇ ಕಾಣಬೇಕು.

ಅಂಗಡಿಯೊಂದರಲ್ಲಿ ಶಿಫಾರಸು ಮಾಡಿದ ಚೂರ್ಣದ ಪೊಟ್ಟಣದ ಮೇಲೆ ಘಟಕಗಳ ಹೆಸರೇ ಇರಲಿಲ್ಲವಾದ್ದರಿಂದ ಅದಕ್ಕೆ ನಾನು ಅಂಕ ಕೊಡುವುದಿಲ್ಲ.